ಕೊಬ್ಬರಿ ಇಟ್ಟು ಕಳಿಸಿದ ಪುಸ್ತಕಗಳು

ನಾನು ಹೊಸದುರ್ಗಕ್ಕೆ ಸೊಸೆಯಾಗಿ ಬಂದ ವರ್ಷ ಆ ಊರಿನ ಗ್ರಂಥಾಲಯ ಅಂದರೆ ಒಂದು ಮರದ ಪೆಟ್ಟಿಗೆ. ಹಸಿರು ಬಣ್ಣ, ಮೂಲೆಗಳಿಗೆ ಕಬ್ಬಿಣದ ಪಟ್ಟಿ, ಎದುರಿಗೊಂದು ದಪ್ಪ ಬೀಗ. ಅದು ಎತ್ತಿನ ಗಾಡಿಯಲ್ಲಿ ಬರುತ್ತಿತ್ತು, ನಮ್ಮ ಮಾವನ ಕೊಬ್ಬರಿ ಅಂಗಡಿಯ ಜಗಲಿಯ ಮೇಲೆ ಕೆಲವು ವಾರ ಕೂರುತ್ತಿತ್ತು, ಆಮೇಲೆ ಹಿರಿಯೂರಿನ ಕಡೆ ಹೊರಡುತ್ತಿತ್ತು. ಈಗಿನ ಮಕ್ಕಳಿಗೆ ಇದನ್ನು ಹೇಳಿದರೆ ನಗುತ್ತಾರೆ. ನಗಲಿ. ಅವರಿಗೆ ಬೇಕೆಂದಾಗ ಪುಸ್ತಕ ಸಿಗುತ್ತದೆ, ಅದಕ್ಕೇ ಅವರು ಓದುವುದಿಲ್ಲ ಎಂಬುದು ನನ್ನ ವಾದ.

ನಾನು ಚಿತ್ರದುರ್ಗದವಳು. ಕೋಟೆಯ ಕೆಳಗಿನ ಬೀದಿಯಲ್ಲಿ ಹುಟ್ಟಿ, ಅಲ್ಲಿನ ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಓದಿದವಳು. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತಿತ್ತು, ಈಗಲೂ ಇದೆ. ಗಂಡನ ಮನೆಗೆ ಬಂದ ಮೇಲೆ ನೋಡಿದರೆ ಅಡುಗೆಮನೆ ಅತ್ತೆಯದು, ಅಂಗಡಿ ಮಾವನದು, ಗಂಡ ಅರ್ಧ ವಾರ ತಿಪಟೂರಿನ ಕೊಬ್ಬರಿ ಮಂಡಿಯವರ ಪಾಲು. ನನ್ನದು ಅಂತ ಇದ್ದದ್ದು ಓದುವುದೊಂದೇ. ತವರಿನಿಂದ ತಂದಿದ್ದ ಎರಡು ಪುಸ್ತಕ ಬಾಯಿಪಾಠವಾಗಿಹೋಗಿದ್ದವು. ಅಂಗಡಿಯಲ್ಲಿ ಬೆಲ್ಲ ಕಟ್ಟಿಕೊಟ್ಟ ಕಾಗದವನ್ನೂ ಬಿಡಿಸಿ ಓದುವ ಸ್ಥಿತಿಗೆ ಬಂದಿದ್ದೆ. ಅಂಥ ಹೊತ್ತಿನಲ್ಲಿ ಪೆಟ್ಟಿಗೆ ಬಂತು.

ಅದನ್ನು ತಂದ ಗಾಡಿಯವನು ಮೈಸೂರು ಸೀಮೆಯ ದೊಡ್ಡ ಪುಸ್ತಕ ಭಂಡಾರದ ಕಥೆಯನ್ನು ತನ್ನ ಮಾವನ ಮನೆಯ ಕಥೆಯ ಹಾಗೆ ಹೇಳುತ್ತಿದ್ದ. ಅವನು ಮೈಸೂರನ್ನು ಕಂಡವನೇ ಅಲ್ಲ ಎಂಬುದು ಬೇರೆ ಮಾತು. ಮೊದಲು ಆ ಭಂಡಾರ ಒಂದು ಕತ್ತಲೆ ಹಜಾರವಂತೆ. ತಾಳೆಗರಿಯ ಕಟ್ಟುಗಳು, ಬಟ್ಟೆ ಸುತ್ತಿದ ಹಳೇ ಪುಸ್ತಕಗಳು, ಅವುಗಳ ನಡುವೆ ಪಂಡಿತರು. ಪುಸ್ತಕ ನೋಡಬೇಕಾದರೆ ದೊಡ್ಡವರ ಶಿಫಾರಸು ಬೇಕು, ಅದೂ ಅಲ್ಲೇ ಕೂತು, ಅವರ ಕಣ್ಣೆದುರೇ ನೋಡಬೇಕು. ಆಮೇಲೆ ಹೊಸಬರು ಯಾರೋ ಬಂದು ಕಿಟಕಿ ತೆಗೆಸಿದರು, ಪುಸ್ತಕಗಳ ಬೆನ್ನಿಗೆ ನಂಬರು ಅಂಟಿಸಿದರು, ಅಚ್ಚಿನ ಪುಸ್ತಕಗಳನ್ನು ಬೇರೆ ಮಾಡಿದರು. ಮೈಸೂರಿನವರೇ ಓದಿದರೆ ಸಾಲದು, ದೂರದ ಊರುಗಳಿಗೂ ಪುಸ್ತಕ ಹೋಗಬೇಕು ಎಂದು ಪೆಟ್ಟಿಗೆ ಮಾಡಿಸಿದರು. ನಮ್ಮ ಪಾಲಿಗೆ ಬಂದ ಪೆಟ್ಟಿಗೆ ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು ಸುತ್ತಿ ಮತ್ತೆ ಚಿತ್ರದುರ್ಗಕ್ಕೆ ಹೋಗುತ್ತಿತ್ತು. ಅಲ್ಲಿ ಒಂದಷ್ಟು ಪುಸ್ತಕ ಬದಲಾಯಿಸಿ ಮತ್ತೆ ಸುತ್ತಿಗೆ ಬಿಡುತ್ತಿದ್ದರು.

ಅಂಗಡಿ ನಮ್ಮ ಮನೆಗೇ ಅಂಟಿಕೊಂಡಿದ್ದರೂ ಹೆಂಗಸರು ಅದರ ಜಗಲಿಗೆ ಹೋಗುವ ಹಾಗಿರಲಿಲ್ಲ. ಪೆಟ್ಟಿಗೆಯ ಬೀಗದ ಕೈ ತಾಲ್ಲೂಕು ಕಚೇರಿಯಲ್ಲಿ, ಅಲ್ಲಿನ ಗುಮಾಸ್ತರಿಗೆ ಪುರುಸೊತ್ತಾದಾಗ ಬಂದು ತೆಗೆಯುತ್ತಿದ್ದರು. ಮಾವ ಒಳ್ಳೆಯವರು. ಏನು ತರಬೇಕೆಂದು ಅವರಿಗೆ ತಿಳಿಯುತ್ತಿರಲಿಲ್ಲ, ಆದ್ದರಿಂದ ದಪ್ಪಗಿರುವುದನ್ನು ಆರಿಸಿ ಶಲ್ಯದೊಳಗೆ ಮುಚ್ಚಿ ತರುತ್ತಿದ್ದರು.

“ತಗಾಳವ್ವ, ಇದು ತೂಕಕ್ಕೆ ಚೆನ್ನಾಗೈತೆ,” ಎಂದು ಕೈಗಿಡುತ್ತಿದ್ದರು.

ಮಧ್ಯಾಹ್ನ ಊಟವಾದ ಮೇಲೆ ಹಿತ್ತಿಲ ಪಡಸಾಲೆಯಲ್ಲಿ ಅಕ್ಕಪಕ್ಕದ ಹೆಂಗಸರು ಸೇರುತ್ತಿದ್ದರು. ಕರಟ ಬಿಡಿಸಿ ಕೊಬ್ಬರಿ ಒರೆಸುವ ಕೆಲಸ ಅವರದು, ಗಟ್ಟಿಯಾಗಿ ಓದುವ ಕೆಲಸ ನನ್ನದು. ಅತ್ತೆ ಮಾತ್ರ ದೂರದಲ್ಲಿ, ಕಂಬಕ್ಕೆ ಒರಗಿ, ತನಗೂ ಇದಕ್ಕೂ ಸಂಬಂಧವಿಲ್ಲ ಎನ್ನುವ ಹಾಗೆ ಕೂರುತ್ತಿದ್ದರು. ಅವರಿಗೆ ಒಂದಕ್ಷರವೂ ಬರುತ್ತಿರಲಿಲ್ಲ. ಆದರೆ ನಾನು ಬೇಸರವಾಗಿ ಒಂದೆರಡು ಸಾಲು ಹಾರಿಸಿದರೆ, “ಏನೇ, ಅವ್ನು ಈಗ ತಾನೇ ಊರಾಗಿದ್ದ, ಅಷ್ಟ್ರಾಗೆ ಕಾಡಿಗೆ ಹೆಂಗ್ ಹೋದ?” ಎಂದು ಅಲ್ಲಿಂದಲೇ ಹಿಡಿಯುತ್ತಿದ್ದರು.

ಮೊದಲ ಪುಸ್ತಕ ಮುಗಿಯಿತು. ವಾಪಸು ಕೊಡಲು ಮಾವನ ಕೈಗೆ ಕೊಡುವವಳಿದ್ದೆ, ಅತ್ತೆ ತಡೆದರು.

“ಲೇ ಹುಡುಗಿ, ಬರೀದೇ ಕಳಿಸ್ತೀಯಾ?”

“ಮತ್ತೆ ಹೆಂಗೆ ಕಳಿಸಾದು ಅತ್ತೆಮ್ಮ? ಪುಸ್ತಕ ಅದು.”

“ಆದ್ರೇನು? ಇಸ್ಕಂಡಿದ್ದು ತಾನೇ? ಇಸ್ಕಂಡ್ ಬಂದ ಬೋಸಿನ ನಿಮ್ಮ ದುರ್ಗದ ಕಡೆ ಬರೀದೇ ವಾಪಸ್ ಕೊಡ್ತಾರೇನು?”

ನಮ್ಮ ಕಡೆಯೂ ಕೊಡುವುದಿಲ್ಲ. ಪಕ್ಕದ ಮನೆಯಿಂದ ಇಸಿದುಕೊಂಡ ಪಾತ್ರೆಯನ್ನು ಹಿಂದಿರುಗಿಸುವಾಗ ಒಂದು ಹಿಡಿ ಅಕ್ಕಿಯೋ, ಒಂದು ಚೂರು ಬೆಲ್ಲವೋ, ಏನೂ ಇಲ್ಲದಿದ್ದರೆ ನಾಲ್ಕು ಕಾಳೋ ಹಾಕಿ ಕೊಡುವುದು ಎಲ್ಲ ಮನೆಗಳ ರೂಢಿ. ಬರೀ ಪಾತ್ರೆ ಕೊಟ್ಟರೆ ಕೊಟ್ಟವರಿಗೂ ಅವಮಾನ, ಇಸಿದುಕೊಂಡವರಿಗೂ ಅವಮಾನ. ಆದರೆ ಪುಸ್ತಕ ಪಾತ್ರೆಯಲ್ಲವಲ್ಲ! ಪುಸ್ತಕದ ಮೊದಲ ಹಾಳೆಗೆ ಭಂಡಾರದವರ ನಿಯಮ ಅಂಟಿಸಿತ್ತು. ಎಂಜಲು ಬೆರಳಿನಿಂದ ಹಾಳೆ ತಿರುವಬಾರದು, ಮೂಲೆ ಮಡಿಸಬಾರದು, ಮಸಿ ಚೆಲ್ಲಬಾರದು ಎಂದಿತ್ತು. ನಾನು ಅದನ್ನು ದೊಡ್ಡ ದನಿಯಲ್ಲಿ ಓದಿದೆ.

“ಕೊಬ್ಬರಿ ಇಡಬಾರ್ದು ಅಂತ ಬರದೈತೇನು?” ಎಂದರು ಅತ್ತೆ.

ಬರೆದಿರಲಿಲ್ಲ. ಅತ್ತೆ ಕೊಬ್ಬರಿಯನ್ನು ಎಲೆಯಷ್ಟು ತೆಳ್ಳಗೆ ಹೆರೆದು, ಪುಸ್ತಕದ ನಡುವೆ ಇಟ್ಟು, ಹಣೆಗೆ ಮುಟ್ಟಿಸಿಕೊಂಡು ಕಳಿಸಿದರು. ನಾನು ಆ ಹೊತ್ತು ಸಿಟ್ಟಿನಲ್ಲಿ ಉಣ್ಣಲಿಲ್ಲ. ಸಂಜೆ ಹಸಿವಾಗಿ ಉಂಡೆ.

ನೋಡಿದ ಹೆಂಗಸರು ಸುಮ್ಮನಿರುತ್ತಾರೆಯೇ? ಊರೆಲ್ಲ ಕೊಬ್ಬರಿ ಇಡತೊಡಗಿತು. ಮುಂದಿನ ಸುತ್ತಿಗೆ ಪೆಟ್ಟಿಗೆ ಬಂದಾಗ ಇದು ಹೊಸದುರ್ಗದವರ ಬುದ್ಧಿ ಮಾತ್ರವಲ್ಲ ಎಂದು ತಿಳಿಯಿತು. ನಮ್ಮ ಕೊಬ್ಬರಿ ಸಿಕ್ಕವರಿಗೆ ತಾವು ಹಿಂದೆ ಬೀಳುವುದು ಹೇಗೆ? ಹೊಳಲ್ಕೆರೆಯವರು ಅಡಿಕೆ ಚೂರು ಇಟ್ಟಿದ್ದರು. ಚಿತ್ರದುರ್ಗದವರು ಒಣಗಿದ ಮಲ್ಲಿಗೆ ಇಟ್ಟಿದ್ದರು. ಪೇಟೆಯವರಲ್ಲವೇ, ಖರ್ಚಿಲ್ಲದ್ದು. ಹಿರಿಯೂರಿನವರಿಗೆ ಮಾರಿಕಣಿವೆ ಅಣೆಕಟ್ಟಿನ ನೀರು ಬಂದ ಹೊಸತು, ಹೊಲವೆಲ್ಲ ಕಬ್ಬು. ಅವರು ಬೆಲ್ಲದ ಅಚ್ಚನ್ನು ತಟ್ಟಿ ಚಪ್ಪಟೆ ಮಾಡಿ, ಮುತ್ತುಗದ ಎಲೆಯಲ್ಲಿ ಸುತ್ತಿ ಇಟ್ಟಿದ್ದರು. ಪುಸ್ತಕ ಕೈಗೆ ಬಂದರೆ ಮೊದಲು ಅದನ್ನು ಕೊಡವಿ ನೋಡುವುದೇ ನಮಗೊಂದು ಹಬ್ಬವಾಯಿತು.

ಹಿರಿಯೂರಿನಲ್ಲಿ ಯಾರೋ ಒಬ್ಬಳು ಇದ್ದಳು. ಅವಳು ಬೆಲ್ಲವನ್ನು ಸಿಕ್ಕಸಿಕ್ಕ ಕಡೆ ಇಡುತ್ತಿರಲಿಲ್ಲ. ಕಥೆಯಲ್ಲಿ ಎಲ್ಲಿ ಎದೆ ಹಿಂಡುತ್ತದೋ ಅದೇ ಹಾಳೆಯಲ್ಲಿ ಇಡುತ್ತಿದ್ದಳು. ಬೆಲ್ಲದ ಕಲೆ ಕಂಡರೆ ನಾವು ಸೆರಗು ಸಿದ್ಧ ಮಾಡಿಕೊಳ್ಳುತ್ತಿದ್ದೆವು. ಅವಳ ಹೆಸರು, ಜಾತಿ, ವಯಸ್ಸು ಒಂದೂ ನನಗೆ ತಿಳಿಯದು. ಆ ಊರಿನಲ್ಲಿ ನನಗೊಬ್ಬಳು ಗೆಳತಿ ಇದ್ದಾಳೆ ಎಂದು ಮಾತ್ರ ಗಟ್ಟಿಯಾಗಿ ನಂಬಿದ್ದೆ.

ಹೀಗಿರುವಾಗ ಮೂರು ಭಾಗದ ಒಂದು ದೊಡ್ಡ ಕಥೆ ಬಂತು. ತಾಯಿಯಿಲ್ಲದ ಒಬ್ಬ ಹುಡುಗಿ, ಅವಳನ್ನು ದೂರದ ಊರಿಗೆ ಮದುವೆ ಮಾಡಿ ಕಳಿಸುತ್ತಾರೆ, ಹೋದ ಮನೆಯಲ್ಲಿ ಅವಳ ಮಾತು ಕೇಳುವವರಿಲ್ಲ. ಮೊದಲ ಎರಡು ಭಾಗ ಒಟ್ಟಿಗೆ ಸಿಕ್ಕಿದ್ದವು. ಎರಡನೆಯದರ ಕೊನೆಯ ಹಾಳೆಯಲ್ಲಿ ಆ ಹುಡುಗಿ ತುಂಬಿದ ಹೊಳೆ ದಾಟುವಾಗ ಹರಿಗೋಲು ಮಗುಚುತ್ತದೆ. ಅಲ್ಲಿಗೆ ಮುಗಿಯಿತು. ಮೂರನೆಯ ಭಾಗ ಪೆಟ್ಟಿಗೆಯಲ್ಲಿ ಇಲ್ಲ.

ಪಡಸಾಲೆಯಲ್ಲಿ ಗದ್ದಲವೋ ಗದ್ದಲ. “ಸತ್ಲೇನು? ಬದುಕಿದ್ಲೇನು?” ಎಂದು ನನ್ನನ್ನೇ ಕೇಳುತ್ತಿದ್ದರು, ನಾನೇ ನೂಕಿದವಳ ಹಾಗೆ. ನೀರು ತರಲು ಹೋದರೂ ಅದೇ ಮಾತು, ಅಂಗಡಿಯಲ್ಲೂ ಅದೇ ಮಾತು. ಮುಂದಿನ ಸುತ್ತಿಗೆ ಮೂರನೆಯ ಭಾಗ ತಂದೇ ತರುತ್ತೇನೆಂದು ಗಾಡಿಯವನು ಆಣೆ ಮಾಡಿ ಹೋದ.

ಮುಂದಿನ ಸುತ್ತಿಗೆ ಪೆಟ್ಟಿಗೆ ಬಂತು. ಅದರ ಜೊತೆಗೆ ಒಬ್ಬರು ಸಾಹೇಬರೂ ಬಂದರು.

ಪುಸ್ತಕ ಭಂಡಾರದಿಂದ ತಪಾಸಣೆಗೆ ಬಂದವರು. ಕರೀ ಕೋಟು, ಜರಿ ಪೇಟ, ಹಣೆಯ ಮೇಲೆ ವಿಭೂತಿ, ಮುಖದಲ್ಲಿ ನಗೆಯ ಸುಳಿವಿಲ್ಲ. ಅಂಗಡಿಯ ಜಗಲಿಯಲ್ಲಿ ಪೆಟ್ಟಿಗೆ ತೆಗೆಸಿದರು. ನಾವೆಲ್ಲ ಒಳಬಾಗಿಲ ಹಿಂದೆ ಕಿವಿಯಾಗಿದ್ದೆವು. ಪೆಟ್ಟಿಗೆಯೊಳಗಿಂದ ಕೆಂಪಿರುವೆಯ ಸಾಲು ಹೊರಟು ಸಾಹೇಬರ ತೋಳಿಗೇ ಏರಿತಂತೆ. ಬೆಲ್ಲ ಕರಗಿ ಹಾಳೆಗಳು ಒಂದಕ್ಕೊಂದು ಅಂಟಿದ್ದವು. ಕೊಬ್ಬರಿಯ ಎಣ್ಣೆ ಹೀರಿದ ಹಾಳೆಗಳಲ್ಲಿ ಹಿಂಬದಿಯ ಅಕ್ಷರಗಳು ಮುಂದಕ್ಕೆ ಕಾಣುತ್ತಿದ್ದವು. ಒಂದು ಪುಸ್ತಕದ ರಟ್ಟನ್ನು ಅಂಟಿನ ಆಸೆಗೆ ಹುಳು ತಿಂದು ಜಾಲರಿ ಮಾಡಿತ್ತು.

“ಇದು ಪುಸ್ತಕದ ಪೆಟ್ಟಿಗೆಯೋ, ಸಂತೆಯ ಚೀಲವೋ?” ಎಂದರು ಸಾಹೇಬರು. “ಜನ ಓದಲಿ ಎಂದು ನಾವು ಮೈಸೂರಿನಲ್ಲಿ ಹಗಲಿರುಳು ದುಡಿಯುತ್ತಿದ್ದೇವೆ. ನೀವು ಅದಕ್ಕೆ ಇರುವೆ ಬಿಡುತ್ತಿದ್ದೀರಿ. ಈ ಸುತ್ತು ಇಲ್ಲಿಗೇ ನಿಲ್ಲುತ್ತದೆ. ಪೆಟ್ಟಿಗೆ ನನ್ನ ಜೊತೆ ವಾಪಸು ಹೊರಡುತ್ತದೆ.”

ಹೊಳೆಗೆ ಬಿದ್ದ ಹುಡುಗಿಯ ಗತಿ ಹಾಗಿರಲಿ, ಇನ್ನು ನನ್ನ ಗತಿ ಏನು? ಮತ್ತೆ ಬೆಲ್ಲದ ಕಾಗದ ಓದಿಕೊಂಡು ಆಯುಸ್ಸು ಕಳೆಯಬೇಕೇ? ಸಿಟ್ಟೆಲ್ಲ ಅತ್ತೆಯ ಮೇಲೆ ತಿರುಗಿತು. ಇವರ ಕೊಬ್ಬರಿಯಿಂದಲೇ ಇಷ್ಟೂ ಆದದ್ದು. ಬಾಯಿ ತೆರೆಯುವಷ್ಟರಲ್ಲಿ ಅತ್ತೆಯೇ ಬಾಗಿಲ ಸಂದಿಯಿಂದ ಮಾತಾಡಿದರು.

“ಸ್ವಾಮಿ, ಒಂದ್ ಮಾತು. ನಿಮ್ಮನೇಲಿ ಬೋಸಿ ಇಸ್ಕಂಡ್ರೆ ಬರೀದೇ ಕೊಡ್ತೀರೇನ್ರಿ?”

ಸಾಹೇಬರು ತೋಳಿನ ಇರುವೆ ಕೊಡವಿಕೊಂಡರು. “ಕೊಡುವುದಿಲ್ಲ ತಾಯಿ. ಆದರೆ ಬೋಸಿಯನ್ನು ತೊಳೆಯಬಹುದು. ಪುಸ್ತಕ ತೊಳೆಯುವುದು ಹೇಗೆ?” ಎಂದರು.

ಅದಕ್ಕೆ ಅತ್ತೆ ಮಾಡಿದ್ದೇನೆಂದರೆ, “ಹೊತ್ತಾತು, ಉಣ್ಣಾಕೆ ಏಳ್ರಿ ಸ್ವಾಮಿ. ಪೆಟ್ಗೆ ಎಲ್ಲಿಗೂ ಓಡಿ ಹೋಗಲ್ಲ,” ಎಂದು ಎಬ್ಬಿಸಿದ್ದು. ರೊಟ್ಟಿ, ಹುಚ್ಚೆಳ್ಳು ಚಟ್ನಿ, ಅವರೆಕಾಳಿನ ಸಾರು, ಮೇಲೆ ಕಾಯಿ ಹೋಳಿಗೆ. ಸಾಹೇಬರು ಊಟದಲ್ಲಿ ನಿಯಮವನ್ನೆಲ್ಲ ಮರೆತವರ ಹಾಗೆ ಉಂಡರು. ಆದರೆ ಕೈ ತೊಳೆದ ಕೂಡಲೇ ನಿಯಮ ನೆನಪಾಯಿತು. ಪೆಟ್ಟಿಗೆಯನ್ನು ಗಾಡಿಗೆ ಹೇರಿಸಿದರು.

ಹೊರಡುವ ಹೊತ್ತಿಗೆ ಅತ್ತೆ ತಮ್ಮ ಹಿತ್ತಾಳೆಯ ಬುತ್ತಿ ಡಬ್ಬಿಯನ್ನು ತಂದರು. ತವರಿನಿಂದ ಬಂದ ಡಬ್ಬಿ, ಮುಚ್ಚಳಕ್ಕೆ ಚಿಲಕವಿರುವ ಅಗಲವಾದದ್ದು. ಅದನ್ನು ಅವರು ನನ್ನ ಗಂಡನಿಗೂ ಕೊಟ್ಟವರಲ್ಲ. ಅದರ ತುಂಬ ಹೋಳಿಗೆ ಹಾಕಿ ಮಾವನ ಕೈಯಲ್ಲಿ ಕಳಿಸಿದರು.

“ದಾರಿಗೆ ಆತು ಅನ್ರಿ. ಡಬ್ಬಿ ಮಾತ್ರ ವಾಪಸ್ ಬರ್ಬೇಕು ಅನ್ರಿ,” ಎಂದು ಹೇಳಿಸಿದರು.

ಗಾಡಿ ಹೋದ ಮೇಲೆ ನಾನು ಅತ್ತೆಯ ಮೇಲೆ ಹರಿಹಾಯ್ದೆ. ನನ್ನ ಪುಸ್ತಕಗಳನ್ನು ಹೊತ್ತೊಯ್ಯುವವರಿಗೆ ಹೋಳಿಗೆ ಬೇರೆ ಕಟ್ಟಿಕೊಟ್ಟಿರಲ್ಲ, ನಿಮಗೇನು, ಓದುವವಳು ನಾನು ಎಂದೆಲ್ಲ ಅಂದೆ. ಸೊಸೆಯೊಬ್ಬಳು ಅತ್ತೆಗೆ ಹಾಗೆ ಅನ್ನುವ ಕಾಲವಲ್ಲ ಅದು. ಅತ್ತೆ ಮಾತ್ರ ಒಲೆ ಸಾರಿಸುತ್ತ, “ಮುಗೀತಾ? ಹಂಗಾರೆ ಆ ನೀರು ಇತ್ತಾಗ್ ಕೊಡು,” ಎಂದರು.

ಆ ತಿಂಗಳುಗಳು ಉದ್ದವಾದವು. ಹೆಂಗಸರು ಪಡಸಾಲೆಗೆ ಬರುತ್ತಿದ್ದರು, ಕೊಬ್ಬರಿ ಒರೆಸುತ್ತಿದ್ದರು, ಓದು ಮಾತ್ರ ಇರಲಿಲ್ಲ. ಒಬ್ಬಳು ಆ ಹುಡುಗಿಯನ್ನು ಬೆಸ್ತರ ಕೈಯಲ್ಲಿ ಬದುಕಿಸಿದಳು. ಇನ್ನೊಬ್ಬಳು, ಮೂರನೇ ಭಾಗ ಇರುವುದೇ ಅವಳು ದೆವ್ವವಾಗಿ ಬಂದು ಆ ಮನೆಯವರನ್ನು ಕಾಡುವುದಕ್ಕೆ ಎಂದಳು. ಮಾವ ದಿನಾ ಊಟಕ್ಕೆ ಕೂತಾಗ ಅತ್ತೆಯನ್ನು ರೇಗಿಸುತ್ತಿದ್ದರು: “ಪೆಟ್ಗೇನೂ ಹೋತು, ಡಬ್ಬೀನೂ ಹೋತು. ಒಳ್ಳೆ ಯಾಪಾರ ಮಾಡಿದೆ ಕಣೆ.” ಅತ್ತೆ ಅವರ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿ ಬಾಯಿ ಮುಚ್ಚಿಸುತ್ತಿದ್ದರು. ನನಗೆ ಗೊತ್ತು, ಗಾಡಿಯ ಸದ್ದಾದರೆ ಅವರ ಕೈಯೂ ಒಂದು ಗಳಿಗೆ ನಿಲ್ಲುತ್ತಿತ್ತು.

ಒಂದು ಮಧ್ಯಾಹ್ನ ಗಾಡಿ ಅಂಗಡಿಯ ಮುಂದೆ ನಿಂತಿತು. ಗಾಡಿಯವನು ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು, ನೇರ ಒಳಬಾಗಿಲಿಗೇ ಬಂದ.

“ಅಮ್ನೋರೇ, ನಿಮ್ ಡಬ್ಬಿ. ಸಾಯೇಬ್ರು ನಿಮ್ ಕೈಗೇ ಕೊಡು ಅಂದವ್ರೆ.”

ಬೂದಿ ಹುಣಸೆಹಣ್ಣು ಹಾಕಿ ತಿಕ್ಕಿದ್ದರು, ಡಬ್ಬಿ ಹೊಸದರ ಹಾಗೆ ಹೊಳೆಯುತ್ತಿತ್ತು. ಅತ್ತೆ ಚಿಲಕ ತೆಗೆದರು. ಒಳಗೆ ಬಿಳೀ ಬಟ್ಟೆಯಲ್ಲಿ ಸುತ್ತಿದ ಒಂದು ಪುಸ್ತಕ. ನಾನು ಬಟ್ಟೆಯನ್ನು ಹರಿದೇ ತೆಗೆದೆ. ಮೂರನೆಯ ಭಾಗ! ನಾನು ಕಿರುಚಿದ ಸದ್ದಿಗೆ ಪಕ್ಕದ ಮನೆಯವರು ಯಾರಿಗೋ ಹಾವು ಕಡಿಯಿತೆಂದು ಓಡಿಬಂದರು. ಅತ್ತೆ ಡಬ್ಬಿಯನ್ನು ಅಲುಗಿಸಿದರು. ತಳದಲ್ಲಿ ಇನ್ನೂ ಏನೋ ಟಣ್ ಎಂದಿತು. ಕೈಹಾಕಿ ತೆಗೆದರೆ ಒಂದು ಬೀಗದ ಕೈ.

“ಮೂರ್ನೇ ಭಾಗದ ಸುದ್ದಿ ದಾರೀಲಿ ನಾನೇ ಸಾಯೇಬ್ರಿಗೆ ಹೇಳಿದ್ದೆ. ಪೆಟ್ಗೇನೂ ಗಾಡೀಲೈತೆ,” ಎಂದ ಗಾಡಿಯವನು. “ಇನ್ಮೇಲೆ ಹೊಸದುರ್ಗಕ್ಕೆ ಬ್ಯಾರೇನೇ ಒಂದು ಪೆಟ್ಗೆ, ಇಲ್ಲೇ ಇರ್ತತೆ. ಪುಸ್ತಕ ಮಾತ್ರ ಬದಲಾಯಿಸ್ಕಂಡು ಹೋಗ್ತೀವಿ. ಹಿಂಗೇ ಊರಿಗೊಂದು ಇಡೋ ಏರ್ಪಾಡು ಮಾಡವ್ರೆ. ಬೀಗದ ಕೈ ಕಚೇರೀಲಿ ಬ್ಯಾಡ, ಅಮ್ನೋರ ತಾವ ಇರ್ಲಿ ಅಂದವ್ರೆ. ಒಂದೇ ಒಂದ್ ಇರುವೆ ಕಂಡ್ರೆ ಮಾತ್ರ ಪೆಟ್ಗೆ ವಾಪಸ್ಸಂತೆ.”

ಅತ್ತೆ ಕೀಲಿಕೈಯನ್ನು ಸೊಂಟದ ಗೊಂಚಲಿಗೆ, ಉಗ್ರಾಣದ ಕೀಲಿಯ ಪಕ್ಕದಲ್ಲಿ ಸೇರಿಸಿಕೊಂಡರು. ಪೆಟ್ಟಿಗೆ ಈ ಸಲ ಅಂಗಡಿಯ ಜಗಲಿಗೆ ಹೋಗದೆ ನಮ್ಮ ಮನೆಯ ಮುಂಬಾಗಿಲ ಪಡಸಾಲೆಗೆ ಬಂತು. ಹೆಂಗಸರು ಬರಬಹುದಾದ ಜಾಗ ಅದು. ಮಾವ ಡಬ್ಬಿಯ ವಿಷಯವನ್ನು ಮತ್ತೆ ಎತ್ತಲಿಲ್ಲ.

ಮೂರನೆಯ ಭಾಗವನ್ನು ಓದಿ ಮುಗಿಸಿದೆವು. ಹುಡುಗಿ ಬದುಕಿದ್ದಳು. ಬೆಸ್ತರಲ್ಲ, ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ಒಬ್ಬ ಮುದುಕಿ ಅವಳ ಜಡೆ ಹಿಡಿದು ಎಳೆದಿದ್ದಳು. ದೆವ್ವದ ಕಡೆಯವಳು ಸ್ವಲ್ಪ ಮುನಿಸಿಕೊಂಡಳು, ಉಳಿದವರೆಲ್ಲ ಕಣ್ಣೊರೆಸಿಕೊಂಡು ಮನೆಗೆ ಹೋದರು.

ಮೈಸೂರಿನ ಆ ಭಂಡಾರವನ್ನು ನಾನು ಎಷ್ಟೋ ವರ್ಷದ ಮೇಲೆ ಕಣ್ಣಾರೆ ಕಂಡೆ. ದೊಡ್ಡ ಕಟ್ಟಡ, ತಲೆಯ ಮೇಲೆ ಫ್ಯಾನು, ಸಣ್ಣಸಣ್ಣ ಸೆಳೆಖಾನೆಗಳಲ್ಲಿ ಪುಸ್ತಕದ ಹೆಸರು ಬರೆದ ಚೀಟಿಗಳು. ಪುಸ್ತಕ ವಾಪಸು ಕೊಟ್ಟವನ ಮುಖವನ್ನೂ ನೋಡದೆ ಠಸ್ಸೆಂದು ಮೊಹರು ಹಾಕಿದರು. ಎಲ್ಲ ಚೆನ್ನಾಗಿತ್ತು, ಇರುವೆ ಇರಲಿಲ್ಲ. ಆದರೆ ವಾಪಸು ತೆಗೆದುಕೊಳ್ಳುವ ರೀತಿಯಲ್ಲಿ ಅವರು ನಮ್ಮತ್ತೆಯಿಂದ ಬಹಳ ಹಿಂದಿದ್ದಾರೆ ಎನ್ನಿಸಿತು.

ಏಕೆಂದರೆ ಅತ್ತೆ, ಕೀಲಿ ತಮ್ಮ ಕೈಗೆ ಬಂದ ಮರುದಿನದಿಂದಲೇ ಕಾನೂನು ಮಾಡಿದ್ದರು. ವಾಪಸು ಬಂದ ಪ್ರತಿ ಪುಸ್ತಕವನ್ನೂ ತಲೆಕೆಳಗು ಮಾಡಿ ಕೊಡವುತ್ತಿದ್ದರು. ಕೊಬ್ಬರಿ ಬಿದ್ದರೆ ಬೈಗುಳ. “ಬರೀದೇ ಹೆಂಗ್ ಕೊಡಾದು ಅತ್ತೆಮ್ಮ?” ಎಂದು ಪಕ್ಕದ ಮನೆಯವಳು ಕೇಳಿದಾಗ ಸ್ವಲ್ಪ ಯೋಚಿಸಿ, “ಬರೀದೇ ಯಾಕ್ ಕೊಡ್ತೀಯ? ಕುಂತ್ಕ. ಏನ್ ಓದಿದೆ, ಅದ್ರಾಗ್ ನಿಂಗೇನಾತು, ಅದ್ನ ಹೇಳಿ ಹೋಗು,” ಎಂದರು. ಅಂದಿನಿಂದ ಅದೇ ರೂಢಿಯಾಯಿತು. ಪುಸ್ತಕ ತಂದವರು ಪೆಟ್ಟಿಗೆಯ ಪಕ್ಕ ಕೂತು ಏನಾದರೂ ಹೇಳಬೇಕು. ಕಚೇರಿಯ ಗುಮಾಸ್ತರೂ ಹೇಳಬೇಕು, ಗಂಡಸರೆಂದು ಮಾಫಿ ಇರಲಿಲ್ಲ. ಅವರು ಜಗಲಿಯಲ್ಲಿ ನಿಂತು ಹೇಳುತ್ತಿದ್ದರು, ಅತ್ತೆ ಬಾಗಿಲ ಹಿಂದೆ ಕೂತು ಕೇಳುತ್ತಿದ್ದರು. ಹೇಳಿದ್ದು ಸಾಲದೆನಿಸಿದರೆ ಬೀಗ ತೆಗೆಯುತ್ತಿರಲಿಲ್ಲ.

ಆಗ ಓದಿ ಮುಗಿಸಿದ್ದ ಮೂರನೆಯ ಭಾಗವನ್ನು ವಾಪಸು ಕೊಡಲು ನಾನು ಹೋದೆ. ಮನೆಯ ಸೊಸೆ, ನನಗೆಂಥ ಕಾನೂನು ಎಂದು ಪುಸ್ತಕ ಅವರ ಮುಂದೆ ಇಟ್ಟು ತಿರುಗಿದೆ.

“ಕುಂತ್ಕ,” ಎಂದರು.

“ನಾನೇ ಓದಿದ್ನಲ್ಲ ಅತ್ತೆಮ್ಮ, ನೀವೇ ಕೇಳಿದ್ರಿ.”

“ಅದು ಪುಸ್ತಕ ಹೇಳಿದ್ದು. ನೀನ್ ಹೇಳು.”

ನಾನು ಮಾತಿನ ಮಲ್ಲಿ. ಜಗಳಕ್ಕೆ ನಿಂತರೆ ಒಂದು ಮಾತಿಗೆ ಹತ್ತು ಕೊಡುತ್ತಿದ್ದವಳು. ಕಥೆ ಚೆನ್ನಾಗಿದೆ ಎಂದು ಹೇಳಿ ಎದ್ದುಬಿಡಬೇಕೆಂದು ಬಾಯಿ ತೆರೆದೆ. ಬಂದದ್ದೇ ಬೇರೆ.

“ನಾ ಈ ಮನೆಗೆ ಬಂದಾಗ ಹಂಗೇ ಆಗಿತ್ತು ಅತ್ತೆಮ್ಮ. ಆ ಹುಡುಗಿ ನೀರಿಗ್ ಬಿದ್ದಂಗೆ.”

ಹೇಳಿದ ಮೇಲೆ ಭಯವಾಯಿತು. ಅತ್ತೆ ನನ್ನ ಮುಖ ನೋಡಲಿಲ್ಲ. ಪುಸ್ತಕವನ್ನು ಎತ್ತಿಕೊಂಡು, ಸೆರಗಿನಿಂದ ರಟ್ಟು ಒರೆಸಿ, ಒಂದೊಂದೇ ಹಾಳೆ ತಿರುವಿದರು, ಓದು ಬಲ್ಲವರ ಹಾಗೆ.

“ನಂಗೂ ಹಂಗೇ ಆಗಿತ್ತು,” ಎಂದರು. “ನಾ ಯಾರ್ಗೂ ಹೇಳ್ಲಿಲ್ಲ. ಯಾರೂ ಕೇಳ್ಲೂ ಇಲ್ಲ ಬಿಡು.”

ಆಮೇಲೆ ಪುಸ್ತಕವನ್ನು ಪೆಟ್ಟಿಗೆಯಲ್ಲಿ ಇಟ್ಟು, ಮುಚ್ಚಳವನ್ನು ಹಾಗೇ ಎತ್ತಿ ಹಿಡಿದು, “ಇನ್ನೊಂದ್ ತಗಾ. ದಪ್ಪಂದೇ ತಗಾ,” ಎಂದರು.